ನನ್ನ ಕೋಪವೂ ನಮ್ಮನೆ ಕನ್ನಡವೂ

ನಮ್ಮ ಮನೆಯಲ್ಲಿ ನಗೆಪಾಟಲಿನ ಪ್ರಸಂಗಗಳಿಗೆ ಎಂದೂ ಬರ ಬಂದದ್ದಿಲ್ಲ. ಕಾರಣ, ನನಗೆ ಮೂಗಿನ ತುದಿಯಲ್ಲೇ ಕೋಪ. ಎಂಬತ್ತರ ದಶಕದಲ್ಲಿ ಈಸ್ಟ್ ಬ್ರನ್ಸ್‌ವಿಕ್‌ನಿಂದ ಮ್ಯಾನ್‌ಹಟನ್‌ಗೆ ದಿನಾ ಬಸ್ಸಿನಲ್ಲಿ ಕಮ್ಯೂಟ್ ಮಾಡುತ್ತಿದ್ದ ಇಂಜಿನಿಯರ್ ನಾನು. ಬಾಸ್ ಮುಂದೆ ನುಂಗಿಕೊಂಡಿದ್ದನ್ನೆಲ್ಲ ಮನೆಗೆ ಬಂದು ಕಕ್ಕುತ್ತಿದ್ದೆ. "ನಾನು ಹೇಗೋ ಸಹಿಸ್ಕೋತೀನಿ ರೀ, ಮಗು ನಿಮಗೆ ಹೆದರೋ ಹಾಗೆ ಮಾತ್ರ ಮಾಡ್ಕೋಬೇಡಿ" ಅನ್ನುತ್ತಿದ್ದಳು ಹೆಂಡತಿ. ಆ ಮಾತು ಚುಚ್ಚುತ್ತಿತ್ತು. ನಮಗಿದ್ದದ್ದು ಐದು ವರ್ಷದ ಒಬ್ಬಳೇ ಮಗಳು.

ರೈಟು

ಒಂದು ಶನಿವಾರ ಬೆಲ್‌ರೋಸ್‌ನ ಇಂಡಿಯನ್ ಅಂಗಡಿಗೆ ಹೊರಟಿದ್ದೆವು. ನಾನು ಡ್ರೈವ್ ಮಾಡುತ್ತಿದ್ದೆ, ಹೆಂಡತಿಯ ತೊಡೆಯ ಮೇಲೆ ಮ್ಯಾಪು.

"ಇಲ್ಲಿ ಎಡಕ್ಕಾ?"

"ರೈಟ್."

ಬಲಕ್ಕೆ ತಿರುಗಿಸಿದೆ.

"ಅಯ್ಯೋ, ಎಡಕ್ಕೇ ಕಣ್ರೀ! ಹೌದು ಅನ್ನೋಕೆ ರೈಟ್ ಅಂದೆ!"

"ಹೌದು ಅನ್ನೋಕೆ ಕನ್ನಡದಲ್ಲಿ ಪದ ಇಲ್ವೇನೇ?" ಎಂದು ಕೂಗಾಡಿದೆ. ಅವಳು ಮ್ಯಾಪನ್ನು ಹಿಂದಿನ ಸೀಟಿಗೆಸೆದು ತುಟಿ ಬಿಗಿದು ಕೂತಳು. ಅರ್ಧ ಗಂಟೆ ಸುತ್ತಿ ಸುತ್ತಿ ಕೊನೆಗೆ ಪೆಟ್ರೋಲ್ ಹಾಕುವ ಗ್ಯಾಸ್ ಸ್ಟೇಷನ್ ಒಂದರಲ್ಲಿ ದಾರಿ ಕೇಳಿದೆ. ಅಲ್ಲಿದ್ದವನು ಸಿಗ್ನಲ್ ಹತ್ತಿರ ಲೆಫ್ಟ್ ತಗೊಳ್ಳಿ ಎಂದ.

"ಲೆಫ್ಟ್, ರೈಟ್?" ಎಂದೆ ನಾನು.

"ನೋ ಸರ್, ಲೆಫ್ಟ್!"

"ರೈಟ್, ರೈಟ್!"

ಅವನು ತಲೆ ಕೆರೆದುಕೊಂಡ. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ, "ಹೌದು ಅನ್ನಿ" ಎಂದಳು.

ತಾವು

ನನ್ನವಳ ಕೋಪದಲ್ಲಿ ಸದ್ದಿಲ್ಲ, ಬರೀ ಮರ್ಯಾದೆ. ಮಾಮೂಲಾಗಿ ನನಗೆ 'ನೀವು' ಅನ್ನುವವಳು ಸಿಟ್ಟು ಬಂದರೆ 'ತಾವು' ಅನ್ನುತ್ತಾಳೆ. "ತಾವು ಊಟ ಮಾಡ್ತೀರೋ, ಕೂಗಾಡ್ತಾನೇ ಇರ್ತೀರೋ?" ಅಂತ ಕೇಳಿದರೆ ನಾನು ಬಂದು ತಟ್ಟೆಯ ಮುಂದೆ ಕೂರುತ್ತಿದ್ದೆ. ಮಗಳು ಇದನ್ನೆಲ್ಲ ಗಮನಿಸುತ್ತಿದ್ದಾಳೆ ಅನ್ನುವುದು ನಮಗೆ ಹೊಳೆದಿರಲಿಲ್ಲ.

ಒಮ್ಮೆ ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು ನಮ್ಮಲ್ಲಿ ಊಟಕ್ಕೆ ಕೂತರು. ತುಂಬ ಸೌಮ್ಯ ಜೀವ. "ತಾವು ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು? ತಮ್ಮ ಕೆಲಸ ಎಲ್ಲಿ?" ಎಂದು ನನ್ನನ್ನು ವಿಚಾರಿಸಿದರು. ಮಗಳ ಮುಖ ಗಂಭೀರವಾಯಿತು. ಕುರ್ಚಿಯಿಂದಿಳಿದು ಬಂದು ನನ್ನ ಮೊಣಕಾಲು ತಟ್ಟಿ ಪಿಸುಗುಟ್ಟಿದಳು: "ಜಸ್ಟ್ ಸೇ ಸಾರಿ, ಡ್ಯಾಡಿ."

ಒಂದರಿಂದ ಹತ್ತು

ಆಫೀಸಿನ ಗೆಳೆಯರೊಬ್ಬರು ನನಗೊಂದು ಔಷಧಿ ಹೇಳಿದರು: ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಬೇಕು. ಮಗಳಿಗೋಸ್ಕರವಾದರೂ ಮಾಡೋಣ ಎಂದು ಶುರು ಮಾಡಿದೆ. ನನಗೆ ಮನಸ್ಸಿನಲ್ಲೇ ಎಣಿಸುವುದು ಆಗದು, ಹಲ್ಲು ಕಚ್ಚಿ ಗಟ್ಟಿಯಾಗಿಯೇ ಎಣಿಸುತ್ತಿದ್ದೆ.

ಆ ವರ್ಷ ಕನ್ನಡದವರ ರಾಜ್ಯೋತ್ಸವ ಒಂದು ಸ್ಕೂಲಿನ ಕೆಫೆಟೇರಿಯಾದಲ್ಲಿ ನಡೆಯಿತು. ಮಗಳು ತಾನು ಕನ್ನಡದಲ್ಲಿ ಒಂದರಿಂದ ಹತ್ತು ಹೇಳುತ್ತೇನೆ ಎಂದು ತಾನೇ ಹೆಸರು ಕೊಟ್ಟಳು. ನಾವು ಯಾರೂ ಕಲಿಸಿರಲಿಲ್ಲ. "ಐ ನೋ ಇಟ್" ಎಂದಳು. ನನಗೋ ಹೆಮ್ಮೆಯೋ ಹೆಮ್ಮೆ, ಮೊದಲ ಸಾಲಿನಲ್ಲೇ ಕೂತೆ.

ರೇಷ್ಮೆ ಲಂಗದಲ್ಲಿ ಮೈಕಿನ ಮುಂದೆ ನಿಂತವಳು ಹುಬ್ಬು ಗಂಟಿಕ್ಕಿದಳು. ಮುಷ್ಟಿ ಬಿಗಿದಳು. ಹಲ್ಲು ಕಚ್ಚಿ, "ಒಂದೂ... ಎರಡೂ..." ಎಂದು ಗುಡುಗಿದಳು. ಕನ್ನಡದ ಅಂಕಿಗಳನ್ನು ಹೇಳುವ ಕ್ರಮವೇ ಅದು ಎಂದುಕೊಂಡಿದ್ದಳು ಪಾಪ. "ಆರೂ... ಏಳೂ..." ಆಮೇಲೆ ಕಾಲು ನೆಲಕ್ಕಪ್ಪಳಿಸಿ, "ಸಾಕು ಮಾಡ್ತೀಯೋ ಇಲ್ವೋ!" ಎಂದು ಕಿರುಚಿ, ಎಲ್ಲರಿಗೂ ಕೈಮುಗಿದಳು.

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ತಲೆ ತಗ್ಗಿಸಿದೆ. ಮೈಕ್ ಹಿಡಿದಿದ್ದ ಆಂಟಿ ನಗು ತಡೆದುಕೊಂಡು, "ಎಂಟು, ಒಂಬತ್ತು, ಹತ್ತು ಬರಲ್ವಾ ಪುಟ್ಟಿ?" ಎಂದು ಕೇಳಿದರು.

ಮಗಳು ನನ್ನ ಕಡೆ ನೋಡಿದಳು. ಆ ಕಣ್ಣಲ್ಲಿ ಹೆದರಿಕೆ ಒಂದಿಷ್ಟೂ ಇರಲಿಲ್ಲ, ಕನಿಕರವಿತ್ತು. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಅವಳು ಮೈಕಿನಲ್ಲೇ ಹೇಳಿದಳು: "ನೋ ಆಂಟಿ. ಮೈ ಡ್ಯಾಡಿ ಓನ್ಲಿ ನೋಸ್ ಅಪ್ ಟು ಸೆವೆನ್."

ಮನೆ ಸೇರುವವರೆಗೂ ಹೆಂಡತಿ ಎಂಟು, ಒಂಬತ್ತು, ಹತ್ತು ಹೇಳಿಕೊಟ್ಟಳು, ಹಿಂದಿನ ಸೀಟಿನವಳಿಗೂ, ಸ್ಟಿಯರಿಂಗ್ ಹಿಡಿದವನಿಗೂ.