ಮೇಷ್ಟ್ರ ಕಾದಂಬರಿಯನ್ನು ಕೊನೆಯವರೆಗೆ ಓದಿದವರು

ಪುಸ್ತಕ ಓದಿದವರು ಅಭಿಪ್ರಾಯ ಹೇಳದೆ ಇರಲಾರರು. ಓದದವರು ಇನ್ನೂ ವಿವರವಾಗಿ ಹೇಳುತ್ತಾರೆ. ವಿರೂಪಾಕ್ಷಿಪುರದ ಹತ್ತಿರ ಒಂದು ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವ ನನಗೆ ಇದು ತಿಂಗಳಿಗೊಮ್ಮೆ ಖಾತ್ರಿಯಾಗುತ್ತದೆ. ತಿಂಗಳ ಕೊನೇ ಭಾನುವಾರ ನಾಲ್ಕಾರು ಜನ ಕೂತು, ಓದಿದ್ದರ ಬಗ್ಗೆ ಮಾತಾಡಬೇಕೆಂದು ಶುರು ಮಾಡಿದ್ದು ನಾನೇ. ಹಾಗಾಗಿ ಬೇರೆ ಯಾರನ್ನೂ ದೂರುವಂತಿಲ್ಲ. ಯಾರೋ ಪುಣ್ಯಾತ್ಮರು ಒಂದು ಮೂಟೆ ವಿಜ್ಞಾನ ಕತೆಗಳನ್ನು ದಾನ ಕೊಟ್ಟ ಮೇಲೆ ನಮ್ಮವರು ರಾಕೆಟ್ಟು, ಕಾಲಯಂತ್ರಗಳಿಂದ ಕೆಳಗೇ ಇಳಿದಿಲ್ಲ.

೧. ಕಾಲಯಂತ್ರದಲ್ಲಿ ಬಂದ ನೆಂಟ

ಒಂದು ಕತೆಯಲ್ಲಿ ವಿಜ್ಞಾನಿಯೊಬ್ಬ ಹಿಂದಿನ ಕಾಲಕ್ಕೆ ಹೋಗಿ, ತನ್ನ ಅಜ್ಜನ ಮದುವೆಯನ್ನೇ ನಿಲ್ಲಿಸಲು ನೋಡುತ್ತಾನೆ. ನಮ್ಮ ಸಭೆಗೆ ಬರುವ ರಿಟೈರಾದ ಸೈನ್ಸ್ ಮೇಷ್ಟ್ರು, "ಅಜ್ಜನ ಮದುವೆ ನಿಂತರೆ ಇವನು ಹುಟ್ಟೋದು ಹೇಗೆ? ಇದು ದೊಡ್ಡ ತಾತ್ವಿಕ ಸಮಸ್ಯೆ" ಎಂದರು.

ರೇಷ್ಮೆ ಹುಳ ಸಾಕುವ ಅಕ್ಕ ಒಬ್ಬರಿದ್ದಾರೆ. ಅವರು ಒಪ್ಪಲಿಲ್ಲ. "ಏನ್ ಸಮಸ್ಯೆ ಮೇಷ್ಟ್ರೇ? ಮದ್ವೆ ಮನೆಗೆ ಗುರುತಿಲ್ಲದೋನು ಬಂದ್ರೆ, ಹೆಣ್ಣಿನ ಕಡೆಯೋರು ಗಂಡಿನ ಕಡೆಯೋನು ಅಂದ್ಕತಾರೆ, ಗಂಡಿನ ಕಡೆಯೋರು ಹೆಣ್ಣಿನ ಕಡೆಯೋನು ಅಂದ್ಕತಾರೆ. ಇಬ್ರೂ ಸೇರಿ ತಿಂಡಿಗೆ ಕೂರುಸ್ತಾರೆ. ಇನ್ನೊಂದು ವಡೆ ಹಾಕುಸ್ಕಳಿ ಅಂತಾರೆ. ಅವನು ಕೈ ತೊಳ್ಯೋ ಹೊತ್ಗೆ ತಾಳಿ ಕಟ್ಟಾಗಿರ್ತದೆ."

ಮೇಷ್ಟ್ರು ಯೋಚನೆ ಮಾಡಿ, ಸಮಸ್ಯೆ ಬಗೆಹರಿಯಿತು ಎಂದು ಒಪ್ಪಿಕೊಂಡರು.

"ವಾಪಸ್ ಬರುವಾಗ ಅವನ ಕೈಲಿ ತಾಂಬೂಲದ ಕಾಯಿ ಇರ್ಬೇಕಿತ್ತು" ಎಂದರು ಅಕ್ಕ. "ಅದನ್ನ ಬರೆದೇ ಇಲ್ಲ."

೨. ಗುಳಿಗೆಗೆ ಯಾವ ಸಾರು

ಇಂಥ ವಿಮರ್ಶೆಗಳನ್ನು ತಿಂಗಳುಗಟ್ಟಲೆ ಕೇಳಿದ ಮೇಲೂ ಮೇಷ್ಟ್ರು ತಾವೇ ಒಂದು ಕಾದಂಬರಿ ಬರೆದರು. ಅವರ ಧೈರ್ಯ ಮೆಚ್ಚಬೇಕು. ಕಥಾನಾಯಕ ನಮ್ಮ ಕಡೆಯ ರೇಷ್ಮೆ ಬೆಳೆಗಾರ. ಅನ್ಯಗ್ರಹದವನೊಬ್ಬ ಬಂದು ಅವನನ್ನು ಆಕಾಶನೌಕೆಯಲ್ಲಿ ಕರೆದುಕೊಂಡು ಹೋಗುತ್ತಾನೆ. ಮೇಷ್ಟ್ರಿಗೆ ಎರಡನೇ ಭಾಗವನ್ನೂ ಬರೆಯುವ ಆಸೆ. ಆದರೆ ಅವರ ಹೆಂಡತಿ ಒಂದು ಷರತ್ತು ಹಾಕಿದ್ದರು: "ಯಾರಾದ್ರೂ ಒಬ್ರು, ಒಬ್ರೇ ಸಾಕು, ಇದನ್ನ ಕೊನೇಗಂಟ ಓದಿರ್ಬೇಕು. ಇಲ್ದಿದ್ರೆ ಪೆನ್ನು ಮಡಗ್ಬುಟ್ಟು ನನ್ ಜೊತೆ ಹುಳಕ್ಕೆ ಸೊಪ್ಪು ಕುಯ್ಯಕೆ ಬನ್ನಿ."

ಮೇಷ್ಟ್ರು ನಮಗೆಲ್ಲ ಒಂದೊಂದು ಪ್ರತಿ ಕೊಟ್ಟು, ಮುಂದಿನ ಸಭೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

ಮೊದಲು ಮಾತಾಡಿದ್ದು ಕುರಿ ಸಾಕುವ ತಾತ. "ಚೆನ್ನಾಗೈತೆ ಮೇಷ್ಟ್ರೇ. ನೌಕೇಲಿ ಊಟದ ಬದ್ಲು ಒಂದು ಗುಳಿಗೆ ನುಂಗ್ತಾರೆ ಅಂತ ಬರೆದಿದ್ದೀರಿ. ನುಂಗ್ಲಿ, ನಾವು ಮುದ್ದೆ ನುಂಗಲ್ವಾ? ಆದ್ರೆ ಸಾರು ಯಾವ್ದು ಅಂತ ಬರೆದಿಲ್ಲ."

"ಸಾರು ಇಲ್ಲ ತಾತ. ಬರೀ ಗುಳಿಗೆ."

"ಭಾನುವಾರನೂ?"

"ಎಲ್ಲ ದಿನಾನೂ."

ತಾತ ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಅದ್ಕೇ ನಾನು ಅಲ್ಲಿಂದ ಮುಂದಕ್ಕೆ ಹೋಗ್ಲಿಲ್ಲ" ಎಂದರು.

೩. ಕಾಲು ತೊಳೆಯದ ಅತಿಥಿ

ಅಕ್ಕ ಅಷ್ಟು ದೂರವೂ ಹೋಗಿರಲಿಲ್ಲ. ಅನ್ಯಗ್ರಹದವನು ನಾಯಕನ ರೇಷ್ಮೆ ಹುಳದ ಮನೆಯೊಳಗೆ ಬಂದು ನಿಲ್ಲುವಲ್ಲಿಗೇ ಓದು ನಿಲ್ಲಿಸಿದ್ದರು.

ನಮ್ಮ ಕಡೆ ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯವರೂ ಕೈಕಾಲು ತೊಳೆದು, ಬಾಗಿಲಲ್ಲಿ ಹಾಕಿದ ಬ್ಲೀಚಿಂಗ್ ಪೌಡರ್ ತುಳಿದೇ ಒಳಗೆ ಹೋಗಬೇಕು. ಹುಳಕ್ಕೆ ಸೋಂಕು ತಗುಲಿದರೆ ಇಡೀ ಬೆಳೆ ಹೋಗುತ್ತದೆ.

"ಎಲ್ಲೆಲ್ಲಿ ತುಳ್ಕಂಡು ಬಂದಿದ್ನೋ, ಸೀದಾ ಒಳಕ್ಕೆ ಬಂದ್ಬುಟ್ಟ" ಎಂದರು ಅಕ್ಕ. "ನಾಳೆ ಹುಳಕ್ಕೆ ರೋಗ ಬಂದ್ರೆ ಕೇಳಕೆ ಯಾವ ಗ್ರಹಕ್ಕೆ ಹೋಗನ?"

ಮೇಷ್ಟ್ರು ನೊಂದುಕೊಂಡು ನನ್ನ ಕಡೆ ತಿರುಗಿದರು. "ನೀವಾದರೂ ಪೂರ್ತಿ ಓದಿದ್ರಾ?" ಲೈಬ್ರರಿ ಕೆಲಸದಲ್ಲಿ ಓದುವುದಕ್ಕೆ ಪುರಸೊತ್ತೆಲ್ಲಿ ಎಂದೆ.

ಮಾರನೇ ದಿನ ಅವರೇ ಒಬ್ಬೊಬ್ಬರ ಮನೆಗೂ ಹೋಗಿ, ಎಲ್ಲ ಪ್ರತಿಗಳಲ್ಲೂ ಆ ಜಾಗದಲ್ಲಿ 'ಕಾಲು ತೊಳೆದುಕೊಂಡು' ಎಂದು ಪೆನ್ನಿನಲ್ಲಿ ಸೇರಿಸಿದರು. ಅನ್ಯಗ್ರಹದವನಿಗೆ ಕಾಲೇ ಇಲ್ಲ ಎಂದು ಅದರ ಹಿಂದಿನ ಪುಟದಲ್ಲಿ ಅವರೇ ಬರೆದಿದ್ದರು.

೪. ಎರಡನೇ ಭಾಗ

ಮುಂದಿನ ಸಭೆಗೆ ಮೇಷ್ಟ್ರ ಹೆಂಡತಿಯೂ ಬಂದರು. ಯಾರೂ ಓದಿಲ್ಲವೆಂದು ಕಣ್ಣಾರೆ ನೋಡಿ, ವಿಷಯ ಮುಗಿಸಿಬಿಡುವ ಉದ್ದೇಶ. ಮೇಷ್ಟ್ರು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ನನಗೆ ನಿಜಕ್ಕೂ ಪಾಪ ಅನ್ನಿಸಿತು.

ಆಗ ಅಕ್ಕ ಎದ್ದು ನಿಂತರು. "ನಾನು ಪೂರ್ತಿ ಓದಿದ್ದೀನಿ. ನನ್ ಮಾತು ಕೇಳಿ ತಿದ್ದವ್ರೆ, ಓದ್ದೇ ಇದ್ರೆ ಚೆನ್ನಾಗಿರಲ್ಲ."

ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. "ಹೇಗಿತ್ತಮ್ಮ?"

"ಆ ಗ್ರಹ ಉಳಿಸಿದ್ದು, ಯುದ್ಧ ನಿಲ್ಸಿದ್ದು ಎಲ್ಲಾ ಸರಿ. ಆದ್ರೆ ಅವನು ನೌಕೆ ಹತ್ತಿದ ದಿನ ಮನೇಲಿ ಹುಳ ಹಣ್ಣಾಗಿದ್ವು. ಅವನ್ನ ಚಂದ್ರಿಕೆಗೆ ಬುಟ್ಟೋರು ಯಾರು? ಅದೇ ಇಲ್ಲ."

ಸಭೆ ಗಂಭೀರವಾಯಿತು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ, ಸ್ವಂತ ತಂಗಿಯ ಮದುವೆ ಇದ್ದರೂ ನಮ್ಮಲ್ಲಿ ಮನೆ ಬಿಟ್ಟು ಕದಲುವವರಿಲ್ಲ. ಗುಳಿಗೆಯ ಹತ್ತಿರವೇ ಓದು ನಿಲ್ಲಿಸಿದ್ದ ತಾತನೂ, "ಹುಳ ಏನಾದ್ವು ಅಂತ ಗೊತ್ತಾಗ್ಲೇಬೇಕು. ಎರಡನೇ ಭಾಗ ಬರೀರಿ" ಎಂದರು.

ಮೇಷ್ಟ್ರು ಗೆದ್ದವರ ಹಾಗೆ ಹೆಂಡತಿಯ ಕಡೆ ನೋಡಿದರು. "ಕೇಳಿಸ್ತಾ? ಜನ ಕೇಳ್ತಿದ್ದಾರೆ."

"ಮಾತು ಅಂದ್ರೆ ಮಾತು, ಬರ್ಕಳಿ" ಎಂದರು ಆಕೆ. "ಆದ್ರೆ ಹುಳದ ಸುದ್ದಿಗೆ ಇನ್ನೊಂದು ಪುಸ್ತಕ ಬ್ಯಾಡ. ಮೊದಲ್ನೇ ಪುಟದಲ್ಲಿ ಅವನ ಹೆಂಡ್ತಿ ಕಾಫಿ ಕೊಟ್ಟು ಒಳಕ್ಕೋಯ್ತಾಳಲ್ಲ, ಆಮೇಲೆ ಈಚೆಗೆ ಬಂದೋಳೇ ಅಲ್ಲ. ಚಂದ್ರಿಕೆಗೆ ಬುಟ್ಟೋಳು ಅವಳೇ."

ಮೇಷ್ಟ್ರು ಬೆರಗಾಗಿ ಕೇಳಿದರು. "ಹಂಗಾದ್ರೆ ನೀನೂ ಪೂರ್ತಿ ಓದಿದ್ಯಾ?"

"ಇಲ್ಲ. ಅವಳು ಕಾಫಿ ಕೊಡೋಗಂಟ ಓದ್ದೆ. ಅಷ್ಟೊತ್ಗೆ ನೀವು ಕಾಫಿ ಕೇಳುದ್ರಿ."