ಎರಡನೇ ಸಲ ಬಡಿಸಿಕೊಂಡವನು

ಶುಕ್ರವಾರ ಸಂಜೆ ಚರ್ಚಿನ ಊಟದಲ್ಲಿ ಆರ್ವಿಡ್ ಟಾಲೆಫ್ಸನ್, ಪಕ್ಕದ ಮನೆಯ ಆರ್ಡಿಸ್ ಮಾಂಸ, ಆಲೂಗಡ್ಡೆ ಹಾಕಿ ಓವನ್ನಿನಲ್ಲಿ ಬೇಯಿಸಿ ತಂದಿದ್ದ ಹಾಟ್‌ಡಿಶ್ಶನ್ನು ಎರಡನೇ ಸಲ ಬಡಿಸಿಕೊಂಡ. ಅದೇ ಮೇಜಿನ ಮೇಲೆ ಅವನ ಹೆಂಡತಿ ವರ್ನಾಳ ಹಾಟ್‌ಡಿಶ್, ಮೇಲಿನ ಆಲೂಗಡ್ಡೆಯ ಒಂದು ಹೋಳೂ ಕದಲದೆ, ನೆಂಟರು ಬಾರದ ಮದುವೆಮನೆಯ ಹಾಗೆ ಕೂತಿತ್ತು. ಇಡೀ ಊರು ಅದನ್ನು ನೋಡಿತು. ನೋಡದೆ ಹೋದವನು ಆರ್ವಿಡ್ ಒಬ್ಬನೇ.

ಶನಿವಾರ ಬೆಳಿಗ್ಗೆ ವರ್ನಾ ಮಾತಾಡಲಿಲ್ಲ. ಆರ್ವಿಡನಿಗೆ ನಿಧಾನವಾಗಿ ವಿಷಯ ಹೊಳೆಯಿತು. ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದ.

"ಹವೆ ಪರವಾಗಿಲ್ಲ ಇವತ್ತು," ಎಂದ.

ವರ್ನಾ ಲೋಟವನ್ನು ಕುಕ್ಕಿ ಇಟ್ಟು ನೆಲಮಾಳಿಗೆಗೆ ಇಳಿದುಹೋದಳು.

ಅವತ್ತು ಊರಿನವರೆಲ್ಲ ಹಳೇ ಸಾಮಾನು ಹೊರಗಿಡುವ ದಿನ. ಮನಸ್ಸು ಕೆಟ್ಟಾಗ ಆರ್ವಿಡ್ ಮನೆ ಚೊಕ್ಕಟ ಮಾಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ನೆಲಮಾಳಿಗೆಗೆ ಹೋದಾಗ ವರ್ನಾ ಅಲ್ಲಿರಲಿಲ್ಲ. ಹಿತ್ತಲ ಬಾಗಿಲಿಂದ ಹೋಗಿರಬೇಕು ಅಂದುಕೊಂಡು ಮುರಿದ ಸ್ಕೀ, ದೀಪದ ಬುಡ, ನಾಲ್ಕಾರು ಪೆಟ್ಟಿಗೆಗಳನ್ನು ಮೂಗಿನ ತನಕ ಪೇರಿಸಿಕೊಂಡ. ಒಂದರ ಮುಚ್ಚಳ ತೆರೆದಿತ್ತು. ಮೊಣಕಾಲಿನಿಂದಲೇ ಅದನ್ನು ಮುಚ್ಚಿ, ಎಲ್ಲವನ್ನೂ ರಸ್ತೆಯಂಚಿಗೆ ತಂದಿಟ್ಟು, "ಬೇಕಾದವರು ಒಯ್ಯಿರಿ" ಎಂದು ಬರೆದ ರಟ್ಟನ್ನು ಸಿಕ್ಕಿಸಿದ.

ಆಮೇಲೆ ಹಾಲು ತೆಗೆಯಲು ಹೋದಾಗ ಫ್ರಿಜ್ಜಿನ ಮೇಲಿನ ಚೀಟಿ ಕಂಡಿತು.

"ಕಾಡಿಗೆ ಹೋಗಿದ್ದೇನೆ. ತಪ್ಪು ಯಾರದೆಂದು ಹೊಳೆದಾಗ ನನ್ನ ಕಾಯಿ ಎತ್ತು."

ಆರ್ವಿಡನ ಕೈಯಿಂದ ಹಾಲು ಬಿತ್ತು. ಮುಚ್ಚಳ ತೆರೆದಿದ್ದ ಆ ಪೆಟ್ಟಿಗೆ ವರ್ನಾಳ ಅಜ್ಜಿಯ ಆಟದ ಪೆಟ್ಟಿಗೆ. ಅದರ ತಳದಲ್ಲೇ ಕಾಡು ಬರೆದಿತ್ತು. ದಾಳ ಉರುಳಿಸಿ ಮೊದಲ ಮನೆಯಲ್ಲಿ ಕಾಯಿ ಇಟ್ಟವರು ಆ ಕಾಡಿನೊಳಗೆ ಇರುತ್ತಿದ್ದರು, ಹುಲಿ ಮೊಸಳೆಗಳ ಜೊತೆ. ಹೊರಗಿದ್ದವರು ಯಾರಾದರೂ ಕಾಯಿ ಎತ್ತಿದರೆ ಮಾತ್ರ ವಾಪಸು. ಮದುವೆಯಾದ ಹೊಸದರಲ್ಲಿ ಆರ್ವಿಡ್ ಒಮ್ಮೆ ಹೋಗಿ ಬಂದಿದ್ದ. ಅವತ್ತು ಮೊಸಳೆ ಬಿಟ್ಟುಕೊಟ್ಟ ಅರ್ಧ ಬೂಟು ಇನ್ನೂ ಬೀರುವಿನಲ್ಲಿತ್ತು.

ರಸ್ತೆಗೆ ಓಡಿದ. ಸ್ಕೀ ಇತ್ತು, ದೀಪದ ಬುಡ ಇತ್ತು. ಆ ಪೆಟ್ಟಿಗೆ ಮಾತ್ರ ಇರಲಿಲ್ಲ. ಬೇಲಿಯಾಚೆ ಆರ್ಡಿಸಳ ಕಿಟಕಿಯಲ್ಲಿ ಪರದೆ ಅಲ್ಲಾಡಿತು. ಆರ್ವಿಡ್ ಹೋಗಿ ಅವಳ ಬಾಗಿಲು ತಟ್ಟಿದ.

"ಓ, ಬಾರಪ್ಪಾ ಆರ್ವಿಡ್!" ಆರ್ಡಿಸ್ ಹಬೆ ಹಿಡಿದ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದಳು. "ಕೂತ್ಕೋ. ಏನೋ ಕೇಳೋಕೆ ಬಂದ ಹಾಗಿದೆ?"

ಊಟದ ಮೇಜಿನ ಮೇಲೆ ಪೆಟ್ಟಿಗೆ ತೆರೆದಿತ್ತು. ಅದರೊಳಗೆ, ಕಾಡಿನ ನೆತ್ತಿಯ ಮೇಲೆ, ಆಗತಾನೆ ಓವನ್ನಿನಿಂದ ಇಳಿಸಿದ ಹಾಟ್‌ಡಿಶ್ ಪಾತ್ರೆ ಬುಸುಗುಡುತ್ತಿತ್ತು.

"ನಿಮ್ಮನೆ ಮುಂದೇನೇ ಸಿಕ್ತು. ಬಿಸಿ ಪಾತ್ರೆ ಇಡೋಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?"

ಪಾತ್ರೆಯ ಅಡಿಯಿಂದ ಗರಿ ಸುಟ್ಟ ವಾಸನೆ ಬಂತು. ಎಲ್ಲೋ ಮಂಗಗಳು ಚೀರಿದವು. ಬೇರೆ ಸೀಮೆಯವನಾಗಿದ್ದರೆ "ಎತ್ತಮ್ಮಾ ಪಾತ್ರೆ, ಒಳಗೆ ನನ್ನ ಹೆಂಡತಿ ಇದ್ದಾಳೆ" ಎಂದು ಬೊಬ್ಬೆ ಹೊಡೆಯುತ್ತಿದ್ದ. ಆರ್ವಿಡ್ ಮಿನೆಸೋಟದವನು.

"ಹವೆ ಪರವಾಗಿಲ್ಲ," ಎಂದ.

"ಹೂಂ, ಇದಕ್ಕಿಂತ ಕೆಟ್ಟದಾಗಿರಬಹುದಿತ್ತು. ವರ್ನಾ ಎಲ್ಲಿ?"

"ವರ್ನಾನಾ? ಅವಳು... ಡುಲುತ್‌ಗೆ ಹೋದ್ಲು. ತಂಗಿ ಮನೆಗೆ."

"ಹೌದಾ?" ಆರ್ಡಿಸ್ ಉಗ್ರಾಣದ ಬಾಗಿಲ ಕಡೆ ನೋಡಿ ಕೆಮ್ಮಿದಳು. "ಜಗಳ ಗಿಗಳ ಏನೂ ಇಲ್ಲ ತಾನೇ?"

"ಛೆ ಛೆ. ನಮಗ್ಯಾಕೆ ಜಗಳ?"

ಉಗ್ರಾಣದಲ್ಲಿ ಡಬ್ಬ ಬಿದ್ದ ಸದ್ದಾಯಿತು.

"ಇಲಿ," ಎಂದಳು ಆರ್ಡಿಸ್. "ಒಂದು ಚೂರು ಬಡಿಸ್ಲಾ?"

ಆರ್ವಿಡ್ ಲೆಕ್ಕ ಹಾಕಿದ. ಪಾತ್ರೆ ಬೇಗ ಖಾಲಿಯಾದರೆ ಬೇಗ ಎತ್ತುತ್ತಾಳೆ, ಕಾಡು ಬೇಗ ತಣ್ಣಗಾಗುತ್ತದೆ. ಬಡಿಸಿಕೊಂಡ. ನಾಲಿಗೆ ಬೆಂದರೂ ಬಿಡದೆ, ಬೆಂಕಿ ಆರಿಸುವವನ ಹಾಗೆ ತಿಂದ.

"ಇನ್ನೊಂದು ಸಲ?"

"ಹಾಕಿ, ಹಾಕಿ." ಸುಟ್ಟ ನಾಲಿಗೆಗೋ ವರ್ನಾಳ ನೆನಪಿಗೋ, ಕಣ್ಣಲ್ಲಿ ನೀರು ಬಂತು. "ಇಂಥದ್ದು ನಾನು ಎಲ್ಲೂ ತಿಂದಿಲ್ಲ ಆರ್ಡಿಸ್."

ಉಗ್ರಾಣದಲ್ಲಿ ಎರಡನೇ ಡಬ್ಬ ಬಿತ್ತು.

"ದೊಡ್ಡ ಇಲಿ," ಎಂದಳು ಆರ್ಡಿಸ್.

ಆರ್ವಿಡ್ ಧೈರ್ಯ ಮಾಡಿದ. "ಈ ಪೆಟ್ಟಿಗೆ... ಒಳ್ಳೇ ಪೆಟ್ಟಿಗೆ."

"ಬೇಕಾದ್ರೆ ತಗೊಂಡು ಹೋಗಪ್ಪ."

"ಅಯ್ಯೋ, ಬೇಡ ಬೇಡ."

"ನಿಮ್ದೇ ಅಲ್ವಾ, ತಗೋ."

"ಛೆ, ನಿಮಗೆ ಬೇಕಾಗುತ್ತೆ."

ಆ ಊರಿನಲ್ಲಿ ಮೂರನೇ ಸಲ ಕೊಟ್ಟಾಗ ಒಪ್ಪಿಕೊಳ್ಳುವುದು ಮರ್ಯಾದೆ. ಆರ್ವಿಡ್ ಮೂರನೆಯದಕ್ಕಾಗಿ ಬಾಯಿ ತೆರೆದು ಕಾದ.

"ಸರಿ ಹಾಗಾದ್ರೆ," ಎಂದು ಆರ್ಡಿಸ್ ಕಾಫಿ ತರಲು ಅಡುಗೆಮನೆಗೆ ಹೋದಳು.

ಆರ್ವಿಡ್ ಬರಿಗೈಯಲ್ಲೇ ಪಾತ್ರೆ ಎತ್ತಿದ. ಬೆರಳು ಚುರ್ ಎಂದಿತು. ಕೆಳಗೆ ಕಾಡಿನ ನಡುವೆ ಕಪ್ಪು ಮಚ್ಚೆ. ಅವನ ನೀಲಿ ಕಾಯಿ ಮೂಲೆಯ ಗೂಡಿನಲ್ಲಿತ್ತು. ವರ್ನಾಳ ಕೆಂಪು ಕಾಯಿ ಎಲ್ಲೂ ಇರಲಿಲ್ಲ. ಪಾತ್ರೆಯ ತಳ ನೋಡಿದ, ಮೇಜಿನ ಕೆಳಗೆ ಬಗ್ಗಿದ. ಇಲ್ಲ. ಬೆಂದು ಬೂದಿಯಾಯಿತೇ? ಕಾಯಿಯೇ ಹೋದರೆ ಅವಳನ್ನು ಹೊರಗೆ ತರುವುದು ಹೇಗೆ?

ತನ್ನ ಕಾಯಿಯನ್ನು ಎತ್ತುವವರು ಯಾರು ಎಂದು ಅವನು ಯೋಚಿಸಲಿಲ್ಲ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಯೋಚಿಸದೆ ಮಾಡಿದ ಮೊದಲ ಕೆಲಸ ಅದು. ದಾಳ ಉರುಳಿಸಿ ಮೊದಲ ಮನೆಯಲ್ಲಿ ನೀಲಿ ಕಾಯಿ ಇಟ್ಟ.

ಬಿಸಿ ಮಣ್ಣಿನ ಮೇಲೆ ಬಿದ್ದ. ಮರಗಳ ತುದಿ ಹೊಗೆಯಾಡುತ್ತಿತ್ತು. ಗಾಳಿಯಲ್ಲಿ ಈರುಳ್ಳಿಯ ಘಮ. ಮೊಸಳೆಯೊಂದು ಅವನ ಬೂಟನ್ನು ಹಳೇ ಪರಿಚಯದವರ ಹಾಗೆ ನೋಡಿತು. ಆರ್ವಿಡ್ ಮರದಿಂದ ಮರಕ್ಕೆ ಓಡಿದ.

"ವರ್ನಾ! ತಪ್ಪು ನನ್ದೇ! ಊರಿನವರ ಮುಂದೆ ನಿನ್ನ ತಲೆ ತಗ್ಗಿಸಿಬಿಟ್ಟೆ. ಬೆಳಿಗ್ಗೇನೇ ಹೇಳ್ಬೇಕಿತ್ತು, ಬಾಯಿಗೆ ಬರ್ಲಿಲ್ಲ. ನೀನಿಲ್ದೆ ನನಗೆ ಆ ಮನೇಲಿ ಏನಿದೆ ಹೇಳು! ವರ್ನಾ!"

ಗಂಟಲು ಹರಿಯುವ ಹಾಗೆ ಕೂಗಿದ. ಗಿಳಿಗಳು ಹಾರಿಹೋದವು. ಅಷ್ಟರಲ್ಲಿ ಆಕಾಶದಿಂದ ಗುಡುಗಿನಂತೆ ಒಂದು ದನಿ ಬಂತು. ಅದು ವರ್ನಾಳದು.

"ಹೋದ್ನಾ?"

"ಹೋದ ಹಾಗಿದೆ. ಹೇಳ್ದೆ ಹೋಗ್ಬಿಟ್ನಲ್ಲ," ಎಂದಿತು ಆರ್ಡಿಸಳ ದನಿ. "ಪಾತ್ರೆ ಇಡೋಣ ಅಂತ ನಾನು ಆ ಕೆಂಪು ಕಾಯಿ ಎತ್ತಿ ಜೇಬಿಗೆ ಹಾಕ್ಕೊಂಡೆ, ನೀನು ತಲೇಲಿ ಎಲೆ ಸಿಕ್ಕಿಸ್ಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದೆ. ಎದೆ ಒಡೆದು ಹೋಗಿತ್ತು ಕಣೇ. ಸಾಲದ್ದಕ್ಕೆ ನೀನು ಹೇಳ್ದೆ ಅಂತ ನಿನ್ನನ್ನ ಉಗ್ರಾಣದಲ್ಲಿ ಬಚ್ಚಿಟ್ಟೆ. ಎಷ್ಟು ಸಲ ಅವನ ಬಾಯಿ ಬಿಡಿಸೋಕೆ ನೋಡ್ದೆ!"

"ಡುಲುತ್ ಅಂತೆ! ಮತ್ತೆ ಎರಡನೇ ಸಲ ಬಡಿಸ್ಕೊಂಡ, ನೋಡಿದ್ಯಾ?" ಆಮೇಲೆ ವರ್ನಾಳ ದನಿ ತಗ್ಗಿತು. "ಒಂದೇ ಒಂದು ಮಾತು ಆಡಿದ್ರೆ ನಾನೂ ಹೇಳ್ಬಿಡ್ತಿದ್ದೆ ಆರ್ಡಿಸ್. ನಿನ್ನೆ ನಾನು ಉಪ್ಪು ಹಾಕೋದೇ ಮರ್ತಿದ್ದೆ. ಅವನು ತಿನ್ನದೆ ಇದ್ದಿದ್ದೇ ಒಳ್ಳೇದಾಯ್ತು."

"ವರ್ನಾ, ಇಲ್ಲಿದ್ದೀನಿ!" ಆರ್ವಿಡ್ ಎರಡೂ ಕೈ ಬೀಸಿದ. ಒಳಗಿನ ಪ್ರಾಣಿಗಳ ಕೂಗು ಹೊರಗೆ ಕೇಳಿದರೂ ಮನುಷ್ಯರ ಮಾತು ಹೋಗುವುದಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

"ಈ ಪೆಟ್ಟಿಗೆ ಏನ್ಮಾಡ್ಲಿ?" ಎಂದಿತು ಆರ್ಡಿಸಳ ದನಿ.

"ನಾನಂತೂ ಅದರ ಕಡೆ ತಿರುಗಿ ನೋಡಲ್ಲ. ಮುಚ್ಚಿ ರಸ್ತೆಗೆ ಇಟ್ಬಿಡು. ಬೇಕಾದವರು ಒಯ್ಲಿ."

ಆಕಾಶದಲ್ಲಿ ಆರ್ಡಿಸಳ ಮುಖ ಮೂಡಿತು. ಕನ್ನಡಕ ಇನ್ನೂ ಹಣೆಯ ಮೇಲೇ ಇತ್ತು. ಮುಚ್ಚಳ ಒಂದು ಅಂಚಿನಿಂದ ಇಳಿಯುತ್ತಾ ಬಂದು ಬೆಳಕನ್ನು ಒರೆಸಿಹಾಕಿತು.

ಪೊದೆಯಲ್ಲಿ ಎರಡು ಹಳದಿ ಕಣ್ಣು ಹೊಳೆದವು. ಹುಲಿ ಅವಸರವಿಲ್ಲದೆ ಹೊರಗೆ ಬಂದು, ಎದುರಿಗೆ ಕೂತು, ಅವನನ್ನು ಮೇಲಿಂದ ಕೆಳಗೆ ನೋಡಿತು. ಆರ್ವಿಡ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಏನಾದರೂ ಮಾತಾಡಬೇಕಲ್ಲ.

"ಹವೆ ಪರವಾಗಿಲ್ಲ ಇವತ್ತು," ಎಂದ.