ನಾಲ್ಕು ತಗಡು, ಒಬ್ಬರು ಟೀಚರಮ್ಮ

ಇನ್ನೂರು ಡಿಗ್ರಿ ಕಾಯುವ ಯಂತ್ರದ ಮುಂದೆ ನಿಂತು ದುಡಿಯುವವನಿಗೆ ದೇವರು ದಿನಕ್ಕೊಂದಾದರೂ ಎಡವಟ್ಟು ಕರುಣಿಸುತ್ತಾನೆ. ಹಿರಿಯೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಮೊದಲು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದೆ. ಫ್ಲೆಕ್ಸು ಬಂದು ಕುಂಚ ಒಣಗಿದಾಗ ಮೇಲಿರುವ ಸ್ವಾಮಿ ಇನ್ನೊಂದು ದಾರಿ ತೋರಿಸಿದ. ಈಗ ಬೇರೆ ತರದ ಶಾಯಿಯಲ್ಲಿ ಕಾಗದದ ಮೇಲೆ ಚಿತ್ರ ತೆಗೆದು, ಅದನ್ನು ಅಂಗಿಯ ಮೇಲೋ ಬಿಳಿ ಲೇಪನದ ತಗಡಿನ ಮೇಲೋ ಕವುಚಿ, ಹೀಟ್ ಪ್ರೆಸ್ಸಿನಲ್ಲಿ ಒಂದು ನಿಮಿಷ ಒತ್ತುತ್ತೇನೆ. ಶಾಯಿ ಆವಿಯಾಗಿ ಒಳಕ್ಕೇ ಇಳಿದುಬಿಡುತ್ತದೆ. "ಬಿಸಿಲಿಗೂ ಹೋಗಲ್ಲ, ಮಳೆಗೂ ಹೋಗಲ್ಲ, ತಿಕ್ಕಿದ್ರೂ ಹೋಗಲ್ಲ" ಎಂದು ಬಂದವರಿಗೆಲ್ಲ ಹೇಳುವುದು ನನ್ನ ರೂಢಿ. ಆ ಮಾತೇ ಒಂದು ಸಲ ನನಗೆ ತಿರುಗಿ ಬಂತು.

ಆದಿವಾಲದ ಶಾಲೆಯಲ್ಲಿ ನಮಗೆ ಲೆಕ್ಕ ಹೇಳಿಕೊಟ್ಟ ಟೀಚರಮ್ಮ, ಊರೂರು ಸುತ್ತಿ ಕೊನೆಗೆ ಅದೇ ಶಾಲೆಗೆ ಬಂದು, ಆ ಶನಿವಾರ ನಿವೃತ್ತರಾಗುವವರಿದ್ದರು. ಅವರ ಕೆಂಪು ಪೆನ್ನಿನಿಂದ ಒಂದು ರೈಟ್ ಮಾರ್ಕು ಪಡೆಯಲು ಪುಣ್ಯ ಬೇಕಿತ್ತು. ಐದನೇ ಕ್ಲಾಸಿನ ನನ್ನ ಲೆಕ್ಕದ ಪುಸ್ತಕದಲ್ಲಿ ಇಂಟು ಮಾರ್ಕುಗಳದ್ದೇ ಸಂತೆ. ವರ್ಷವೆಲ್ಲ ಕಾದರೂ ಒಂದು ರೈಟು ಬೀಳಲಿಲ್ಲ. ಆದರೂ ದಿನಾ ಮುಂಜಾನೆ ದೇವರಿಗೆ ಕೈಮುಗಿಯುವಾಗ ಅವರನ್ನೂ ನೆನೆಯುತ್ತೇನೆ.

ನನ್ನ ಜೊತೆ ಓದಿ ಈಗ ಐಮಂಗಲದ ಕಡೆ ಕುರಿ ಸಾಕಿಕೊಂಡಿರುವ ಗೆಳೆಯ ಅವರ ಫೋಟೊ ತಂದ. "ಕಾಗದದ್ದಾದ್ರೆ ಗೆದ್ದಲು ತಿಂತಾವೆ. ತಗಡಿಗೆ ಹಾಕ್ಕೊಡಪ್ಪ, ನಮ್ಮೆಲ್ಲರ ಕಡೆಯಿಂದ ಕೊಡಾಣ" ಎಂದ. ಅಂಗಿ ಒತ್ತಿ ಗೊತ್ತಿತ್ತು, ತಗಡು ಆಗಿನ್ನೂ ನನಗೆ ಹೊಸದು. ಫೋಟೊ ಅಳತೆಯವು ಇದ್ದದ್ದೂ ನಾಲ್ಕೇ. ಚಿತ್ರದುರ್ಗದ ವ್ಯಾಪಾರಿಗೆ ಹೊಸ ಮಾಲು ಬರುವುದು ಮುಂದಿನ ವಾರ. ಬರಿಗೈಯಲ್ಲಿ ಟೀಚರಮ್ಮನ ಮುಂದೆ ನಿಲ್ಲಬಾರದು, ನಾಲ್ಕರಲ್ಲಿ ಒಂದಾದರೂ ಸರಿ ಬರಲಿ ಎಂದು ಬೇಡಿಕೊಂಡೆ.

ಒಂದು

ಮೊದಲ ತಗಡು ಒತ್ತಿ ತೆಗೆದರೆ ಟೀಚರಮ್ಮನ ಮುಖ ಬೆಂಕಿಗೆ ಹಿಡಿದ ಹಪ್ಪಳದ ಹಾಗೆ ಗುಳ್ಳೆ ಗುಳ್ಳೆ. ಚಿತ್ರದುರ್ಗಕ್ಕೆ ಫೋನು ಮಾಡಿದೆ. ತಗಡಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತಿರಾ ಎಂದು ವ್ಯಾಪಾರಿ ಕೇಳಿದ. ಹೊಸ ಸಾಮಾನಿನ ಹಾಳೆ ಯಾರಾದರೂ ಕೀಳುತ್ತಾರೆಯೇ ಎಂದು ನಾನೇ ಅವನನ್ನು ಕೇಳಿದೆ. ಇನ್ನೆಷ್ಟು ತಗಡು ಉಳಿದಿವೆ ಎಂದು ಅವನು ಕೇಳಿದ.

ಫೋನು ಇಟ್ಟ ಮೇಲೆ ಮನೆಯವಳು ಸಮಾಧಾನ ಹೇಳಿದಳು. "ಫ್ರಿಜ್ ತಂದು ಆರು ವರ್ಷ ಆಯ್ತು, ಹಾಳೆ ಹಂಗೇ ಐತೆ. ಅದು ತಣ್ಣಗೇ ಐತಲ್ರೀ. ನಿಮ್ಮ ಮಿಷನ್ನಿಗೇ ಏನೋ ಧಿಮಾಕು."

ಎರಡು

ಎರಡನೆಯದಕ್ಕೆ ಹಾಳೆ ಕೀಳುವುದೊಂದನ್ನೇ ಜಪದಂತೆ ನೆನಪಿಟ್ಟುಕೊಂಡೆ. ಆ ಜಪದಲ್ಲಿ ಕಂಪ್ಯೂಟರಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸುವುದು ಮರೆತೇ ಹೋಯಿತು. ಕವುಚಿ ಒತ್ತುವುದರಿಂದ ಮೊದಲು ಉಲ್ಟಾ ಮಾಡಿಕೊಂಡರೆ ಮಾತ್ರ ಕೊನೆಗೆ ಸುಲ್ಟಾ ಬರುತ್ತದೆ. ಮುಖವೇನೋ ಚೆನ್ನಾಗಿಯೇ ಬಂತು. ಕೆಳಗೆ ಬರೆದಿದ್ದ ಅವರ ಹೆಸರಿನ ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ಕುಂತಿದ್ದವು.

ಅಷ್ಟರಲ್ಲಿ ಗೆಳೆಯ ಬಂದ. ತಗಡು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. "ಚಿಂತಿಲ್ಲ ಬಿಡು. ಎದುರಿಗೊಂದು ಕನ್ನಡಿ ಕೊಡಿಸಿದ್ರಾತು. ಎರಡು ಕೊಡುಗೆ ಕೊಟ್ಟಂಗಾತದೆ."

ಮೂರು

ಶುಕ್ರವಾರ ಸಂಜೆ ಮೂರನೆಯದು. ಹಾಳೆ ಕಿತ್ತೆ, ಚಿತ್ರ ತಿರುಗಿಸಿದೆ, ಮುಚ್ಚಳ ಒತ್ತಿ ಪಂಚಾಕ್ಷರಿ ಹೇಳುತ್ತ ನಿಂತೆ. ಅರ್ಧಕ್ಕೆ ಮನಸ್ಸು ತಡೆಯದೆ, ಇಡ್ಲಿ ಬೆಂದಿದೆಯೋ ಎಂದು ನೋಡುವವರ ಹಾಗೆ ಮುಚ್ಚಳ ಎತ್ತಿ ಇಣುಕಿ, ಮತ್ತೆ ಮುಚ್ಚಿದೆ. ಅಷ್ಟರಲ್ಲೇ ಒಳಗಿನ ಕಾಗದ ಒಂದು ಬೆರಳು ಜರುಗಿತ್ತು. ತೆಗೆದರೆ ಟೀಚರಮ್ಮ ಎರಡೆರಡು. ನಾಲ್ಕು ಕಣ್ಣು, ಎರಡು ಕನ್ನಡಕ, ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಸ್ವಾಮಿಯನ್ನು ಕರೆದು, ಆಮೇಲೆ ಅವನನ್ನೇ ನಂಬದೆ ಇಣುಕಿದ್ದಕ್ಕೆ ಇದು ಸರಿಯಾದ ಶಿಕ್ಷೆ ಎಂದುಕೊಂಡೆ.

ಗೆಳೆಯ ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. "ಲೇ, ಒಬ್ರಿದ್ದಾಗ್ಲೇ ನಮ್ಮ ಅಂಗೈ ಉಳೀಲಿಲ್ಲ. ನೀನು ಇಬ್ಬರನ್ನ ಮಾಡೀಯಲ್ಲೋ."

ನಾಲ್ಕು

ಶನಿವಾರ ಮುಂಜಾನೆ ಉಳಿದದ್ದು ಒಂದೇ ತಗಡು. ತಣ್ಣೀರು ಸ್ನಾನ ಮಾಡಿ, ವಿಭೂತಿ ಇಟ್ಟು, ಯಂತ್ರಕ್ಕೆ ಹೂ ಮುಡಿಸಿ, ಕುಂಕುಮ ಹಚ್ಚಿ ಕರ್ಪೂರ ಬೆಳಗಿದೆ. "ನನ್ನ ಬುದ್ಧಿ ಮುಗೀತು ತಂದೆ, ಇನ್ನು ನಿಂದು" ಎಂದು ಕೈಮುಗಿದೆ. ಹಾಳೆ ಕಿತ್ತೆ, ಚಿತ್ರ ತಿರುಗಿಸಿದೆ, ಕಾಗದ ಜರುಗದಂತೆ ಟೇಪು ಅಂಟಿಸಿದೆ. ಇಣುಕದಂತೆ ಮನೆಯವಳು ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು.

ತೆಗೆದರೆ ಟೀಚರಮ್ಮ ಸಾಕ್ಷಾತ್ ಎದುರಿಗೆ ಬಂದು ನಿಂತ ಹಾಗಿತ್ತು. ಕಣ್ಣು ತುಂಬಿ ಬಂತು. ಒರೆಸಿಕೊಂಡು ಮತ್ತೆ ನೋಡಿದೆ. ಕೆಳಗಿನ ಮೂಲೆಯಲ್ಲಿ ಕೆಂಪಗೆ ಒಂದು ರೈಟ್ ಮಾರ್ಕು.

ದೇವರ ಕುಂಕುಮ ಒರೆಸಬಾರದೆಂದು ಬೆರಳನ್ನು ಹಾಗೇ ಬಿಟ್ಟಿದ್ದೆ. ಅದೇ ಬೆರಳಲ್ಲಿ ಹಾಳೆಯ ಮೂಲೆ ಕೆರೆದು ಸರ್ರನೆ ಮೇಲಕ್ಕೆ ಎಳೆದಿದ್ದೆ. ಬೆರಳು ತಗಡಿಗೆ ತಾಗಿ ಕೆಳಗೊಂದು ಗಿಡ್ಡ ಗೀರು, ಮೇಲಕ್ಕೊಂದು ಉದ್ದ ಗೀರು ಬಿದ್ದು, ಬಿಸಿಗೆ ಶಾಯಿಯ ಜೊತೆಗೇ ಒಳಕ್ಕಿಳಿದಿದ್ದವು. ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ, ಸೋಪು ಹಾಕಿ ತಿಕ್ಕಿದೆ. ಬಂದವರಿಗೆಲ್ಲ ನಾನು ಹೇಳಿದ್ದು ಸುಳ್ಳಲ್ಲ, ಹೋಗಲೇ ಇಲ್ಲ. ಗೆಳೆಯ ಬೈಕಿನ ಹಾರನ್ನು ಒತ್ತುತ್ತಿದ್ದ. ಹಾಗೇ ಕಾಗದ ಸುತ್ತಿ ಹೊರಟೆವು.

ಶಾಲೆಯ ಅಂಗಳದಲ್ಲಿ, ಎಲ್ಲರ ಎದುರಿಗೆ, ಟೀಚರಮ್ಮ ಕಾಗದ ಬಿಚ್ಚಿದರು. ತಮ್ಮ ಮುಖ ಅರೆಗಳಿಗೆ ನೋಡಿದರು, ಮೂಲೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ಸರಿಮಾಡಿಕೊಂಡು ತಲೆ ಎತ್ತಿದರು.

"ಇದ್ಯಾರು ರೈಟ್ ಹಾಕಿದ್ದು?"

ನಾನು ಎದ್ದು ಕೈಕಟ್ಟಿ ನಿಂತೆ. ಪೂಜೆ, ಕುಂಕುಮ, ಬೆರಳು, ಸೋಪು, ಎಲ್ಲ ಒಪ್ಪಿಸಿದೆ. ಎಷ್ಟು ತಗಡು ಕೆಡಿಸಿದೆ ಎಂದು ಕೇಳಿದರು. ನಾಲ್ಕರಲ್ಲಿ ಮೂರು ಎಂದೆ.

"ನಾಲ್ಕಕ್ಕೆ ಒಂದು ಸರಿ. ಐದನೇ ಕ್ಲಾಸಿಗಿಂತ ಪರವಾಗಿಲ್ಲ" ಎಂದರು. ಅಂಗಳವೆಲ್ಲ ನಕ್ಕಿತು. ಅವರು ತಗಡನ್ನು ಎದೆಗವಚಿಕೊಂಡು ನನ್ನನ್ನು ಹತ್ತಿರ ಕರೆದರು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಹಳೆಯದೇ.

"ಅಲ್ಲಲೇ, ವರ್ಷವೆಲ್ಲ ಕಾದ್ರೂ ನಾನು ಹಾಕ್ಲಿಲ್ಲ ಅಂತ, ದೇವರ ಕೈಲಿ ಹಾಕಿಸ್ಕಂಡು ಬಂದೀಯೇನಪ್ಪ?"